ರಾಯಚೂರಿನ ಬಿಸಿಲಲ್ಲಿ ಎಚೆವೇರಿಯಾ ಉಳಿಸಿಕೊಂಡು ಹೂ ನೋಡುವುದು ಹೇಗೆ

ಬೇಸಿಗೆಯಲ್ಲಿ ನಮ್ಮ ಕಡೆ ಯಾರೇ ಮನೆಗೆ ಬಂದರೂ ಮಾತಿಗಿಂತ ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ. ನಾನು ಗಿಡಕ್ಕೂ ಅದನ್ನೇ ಮಾಡಿದೆ, ಅದೇ ತಪ್ಪಾಯಿತು. ಏಪ್ರಿಲ್ ಕೊನೆಯ ವಾರ. ಮನೆಯಲ್ಲಿ 11 ಕುಂಡ ಎಚೆವೇರಿಯಾ ಇದ್ದವು, ದಪ್ಪ ಎಲೆಗಳು ಕಮಲದ ಹಾಗೆ ಜೋಡಿಸಿಕೊಂಡಿರುವ ಪುಟ್ಟ ಗಿಡ ಅದು. ಹೆಚ್ಚಿನವು ಮಾಳಿಗೆ ಮೇಲಿದ್ದವು. ಎಲೆ ಸ್ವಲ್ಪ ಸುಕ್ಕಾಗಿದ್ದವು. ಅವ್ವ ನೋಡಿ, "ಪಾಪ, ಅದಕ್ಕ ಒಂದ್ ತಂಬಿಗಿ ನೀರು ಹಾಕೋ, ಬಿಸಿಲು ಎಷ್ಟೈತಿ ನೋಡು" ಅಂದಳು. ನನಗೂ ಕನಿಕರ ಬಂತು. ಸಂಜೆ ಮಾಳಿಗೆ ಮೇಲಿನ ಎಲ್ಲದಕ್ಕೂ ಹೊಟ್ಟೆ ತುಂಬ ನೀರು ಹಾಕಿದೆ. ನಾಲ್ಕನೇ ದಿನಕ್ಕೆ ಕೆಳಗಿನ ಎಲೆಗಳು ಹಳದಿಯಾಗಿ, ಬೇಯಿಸಿದ ಈರುಳ್ಳಿ ಪದರದ ಹಾಗೆ ಕಂಡವು. ಮುಟ್ಟಿದರೆ ಉದುರಿದವು. ವಾರ ಮುಗಿಯುವುದರೊಳಗೆ ಎಂಟು ಗಿಡ ಹೋದವು. ಉಳಿದ ಮೂರು ಯಾವುವು ಗೊತ್ತಾ? ಮೆಟ್ಟಿಲ ಕೆಳಗೆ ನೆರಳಲ್ಲಿ ಇಟ್ಟು ನಾನು ಮರೆತೇಬಿಟ್ಟಿದ್ದವು.

ಆಮೇಲೆ ಐದು ಬೇಸಿಗೆ ಕಳೆದಿವೆ. ಈಗ ಸುಮಾರು 40 ಕುಂಡಗಳಿವೆ, ವರ್ಷಾ ವರ್ಷಾ ಹೂ ಬಿಡುತ್ತಿವೆ. ಈ ಗಿಡದ ಬಗ್ಗೆ ಸಿಗುವ ಸಲಹೆ ಬಹಳಷ್ಟು ಬೆಂಗಳೂರು, ಪುಣೆಯಂಥ ತಂಪು ಊರಿನವರದ್ದು. ಒಳ್ಳೆ ಬಿಸಿಲು, ವಾರಕ್ಕೊಮ್ಮೆ ನೀರು ಅಂತಾರೆ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಅದನ್ನು ನಂಬಿ ನಡೆದರೆ ಗಿಡ ಮೇ ತಿಂಗಳು ದಾಟುವುದು ಕಷ್ಟ. ನಮ್ಮ ಕಡೆಯವರಿಗೆ ನಾನು ಹೇಳುವುದು ಇಷ್ಟೇ: ಎಚೆವೇರಿಯಾವನ್ನು ಹಿಂಗಾರಿ ಬೆಳೆ ಅಂತ ತಿಳಿದುಕೊಳ್ಳಿ. ಬಿಳಿಜೋಳ, ಕಡಲೆ ಹೇಗೆ ಮಳೆಗಾಲದ ಕೊನೆಗೆ ಎದ್ದು ಚಳಿಯಲ್ಲಿ ಬೆಳೆಯುತ್ತವೋ ಹಾಗೇ ಇದೂ. ಅದರ ಕೆಲಸವೆಲ್ಲ ದಸರಾದಿಂದ ಹೋಳಿ ಹುಣ್ಣಿಮೆ ತನಕ. ಬೇಸಿಗೆ ಅದಕ್ಕೆ ನಿದ್ದೆಯ ಕಾಲ. ನಿದ್ದೆ ಮಾಡುವ ಗಿಡಕ್ಕೆ ಊಟ, ನೀರು ಕೊಟ್ಟರೆ ಕೊಳೆಯುತ್ತದೆ.

ಗಿಡದ ಊರು ಯಾವುದು

ನರ್ಸರಿಯಲ್ಲಿ ಸುಮ್ನೆ 'ಸಕ್ಯುಲೆಂಟ್', ಅಂದರೆ ಮೈಯಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಅಂತ ಹೇಳಿ ಕೊಡುತ್ತಾರೆ. ದಪ್ಪ ಎಲೆಗಳು ಸುತ್ತಿನ ಮೇಲೆ ಸುತ್ತು ಜೋಡಿಸಿದ ಹಾಗೆ, ನೋಡೋಕೆ ಅರಳಿದ ಕಮಲದ ಹಾಗೆ ಇರುತ್ತದೆ. ತಿಳಿ ಹಸಿರು, ಬೂದಿ, ನಸುಗೆಂಪು, ನೇರಳೆ, ಎಲ್ಲ ಬಣ್ಣವೂ ಉಂಟು. ಬಹಳ ಜನ ಅದನ್ನೇ ಹೂ ಅಂದುಕೊಳ್ಳುತ್ತಾರೆ. ಅದು ಎಲೆ. ಹೂ ಬೇರೆ ಬರುತ್ತದೆ, ಅದರ ಮಾತು ಮುಂದೆ ಇದೆ.

ಎಚೆವೇರಿಯಾದ ಜಾತಿಗಳು ಹೆಚ್ಚಾಗಿ ಮೆಕ್ಸಿಕೋದವು, ಕೆಲವು ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ವಾಯವ್ಯ ಭಾಗದವು. 18ನೇ ಶತಮಾನದಲ್ಲಿ ಮೆಕ್ಸಿಕೋದ ಗಿಡಗಳ ಚಿತ್ರ ಬರೆದ ಅತನಾಸಿಯೊ ಎಚೆವೆರ್ರಿಯಾ ಎಂಬ ಕಲಾವಿದನ ಹೆಸರನ್ನು 1828ರಲ್ಲಿ ಡಿ ಕ್ಯಾಂಡೋಲ್ ಎಂಬ ಸಸ್ಯವಿಜ್ಞಾನಿ ಇದಕ್ಕೆ ಇಟ್ಟ. ಮೆಕ್ಸಿಕೋದ ಓಹಾಕ ನಗರ 17 ಡಿಗ್ರಿ ಅಕ್ಷಾಂಶದಲ್ಲಿದೆ, ನಮ್ಮ ರಾಯಚೂರು 16ರಲ್ಲಿ. ಅಂದರೆ ನೆತ್ತಿ ಮೇಲಿನ ಸೂರ್ಯ ಇಬ್ಬರಿಗೂ ಹೆಚ್ಚೂ ಕಡಿಮೆ ಒಂದೇ. ಆದರೆ ಓಹಾಕ ಸಮುದ್ರ ಮಟ್ಟದಿಂದ 1500 ಮೀಟರ್ ಮೇಲಿದೆ, ನಾವು 400 ಮೀಟರ್ ಆಸುಪಾಸು. ಈ ಗಿಡಗಳಲ್ಲಿ ಬಹಳಷ್ಟು ಇನ್ನೂ ಎತ್ತರದಲ್ಲಿ, ಬಂಡೆ ಸಂದಿಯಲ್ಲಿ, ಇಳಿಜಾರಿನಲ್ಲಿ ಬೆಳೆಯುತ್ತವೆ. ಅಲ್ಲಿ ಹಗಲು ಎಷ್ಟೇ ಕಾಯಲಿ, ರಾತ್ರಿ ತಣ್ಣಗಾಗುತ್ತದೆ. ನಮ್ಮಲ್ಲಿ ಮೇ ತಿಂಗಳ ರಾತ್ರಿ 25 ಡಿಗ್ರಿಗಿಂತ ಕೆಳಗೆ ಇಳಿಯದ ದಿನಗಳೇ ಜಾಸ್ತಿ. ಮಧ್ಯರಾತ್ರಿ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಂತರೆ ಕಾಲು ಬೆಚ್ಚಗಾಗುತ್ತದೆ, ಅಲ್ವಾ?

ರಾತ್ರಿ ಯಾಕೆ ಇಷ್ಟು ಮುಖ್ಯ ಅಂದರೆ, ಈ ಗಿಡ ಉಸಿರಾಡುವುದೇ ರಾತ್ರಿ. ಬೇರೆ ಗಿಡಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಇದು ಹಾಗೆ ಮಾಡಿದರೆ ಮೈಯ ನೀರೆಲ್ಲ ಆವಿಯಾಗಿ ಹೋಗುತ್ತದೆ. ಅದಕ್ಕೇ ಹಗಲು ಬಾಗಿಲು ಮುಚ್ಚಿ, ರಾತ್ರಿ ತಂಪಾದ ಮೇಲೆ ತೆರೆದು, ಒಳಗೆ ಬಂದದ್ದನ್ನು ಆಮ್ಲವಾಗಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಅದರಿಂದ ಊಟ ಮಾಡಿಕೊಳ್ಳುತ್ತದೆ. ರಾತ್ರಿಯೇ ಬಿಸಿಯಾಗಿದ್ದರೆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಊಟವಿಲ್ಲ, ಬೆಳವಣಿಗೆಯಿಲ್ಲ, ಬೇರು ನೀರು ಎಳೆಯುವುದಿಲ್ಲ. ಆಗ ನೀವು ಹಾಕಿದ ನೀರು ಬಿಸಿ ಮಣ್ಣಲ್ಲಿ ನಿಂತು ಶಿಲೀಂಧ್ರಕ್ಕೆ ಹಬ್ಬವಾಗುತ್ತದೆ. ನನ್ನ ಎಂಟು ಗಿಡ ಹೋದದ್ದು ಹೀಗೆ.

ಕೊಳ್ಳುವುದು: ದೀಪಾವಳಿ ಆದ ಮೇಲೆ

ದೀಪಾವಳಿಯಿಂದ ಸಂಕ್ರಮಣದೊಳಗೆ ಕೊಳ್ಳಿ. ಫೆಬ್ರವರಿ ನಂತರ ಕೊಂಡ ಗಿಡಕ್ಕೆ ನಮ್ಮ ಹವೆ ಒಗ್ಗುವಷ್ಟರಲ್ಲಿ ಬೇಸಿಗೆ ಬಂದು ಬಿಡುತ್ತದೆ. ಯುಗಾದಿ ಹೊತ್ತಿಗೆ ಯಾರಾದರೂ ಅರ್ಧ ಬೆಲೆಗೆ ಕೊಟ್ಟರೂ ಬೇಡ ಅನ್ನಿ.

ಮೊದಲ ಸಲ ಬೆಳೆಸುವವರು ಗ್ರ್ಯಾಪ್ಟೊಪೆಟಾಲಮ್ ಪರಾಗ್ವೆಯೆನ್ಸೆ ತನ್ನಿ. ಘೋಸ್ಟ್ ಪ್ಲಾಂಟ್ ಅಂತಲೂ ಮಾರುತ್ತಾರೆ. ಇದು ಎಚೆವೇರಿಯಾದ ಸಮೀಪದ ಸಂಬಂಧಿ, ಎರಡೂ ಒಂದೇ ಕುಟುಂಬ. ಹೆಸರಲ್ಲಿ ಪರಾಗ್ವೆ ಇದ್ದರೂ ಇದರ ಊರು ಮೆಕ್ಸಿಕೋನೇ. ನಮ್ಮ ಬಿಸಿಲಿಗೆ ಇದರಷ್ಟು ಗಟ್ಟಿ ಗಿಡ ಈ ಗುಂಪಿನಲ್ಲಿ ನಾನು ಕಂಡಿಲ್ಲ. ಇದನ್ನು ಒಂದು ಬೇಸಿಗೆ ದಾಟಿಸಿ, ಆಮೇಲೆ ಎಚೆವೇರಿಯಾಕ್ಕೆ ಬನ್ನಿ. ಎಚೆವೇರಿಯಾದಲ್ಲಿ ನನ್ನ ಹತ್ತಿರ ಚೆನ್ನಾಗಿ ನಿಂತದ್ದು ಅಗಾವಾಯ್ಡಿಸ್, ಎಲೆ ತುದಿ ಕೆಂಪಾಗಿ ಚೂಪಾಗಿರುತ್ತದಲ್ಲ, ಅದು. ಜೊತೆಗೆ ಮೈಯೆಲ್ಲ ನವಿರು ಕೂದಲಿರುವ ಪುಲ್ವಿನಾಟಾ, ಮತ್ತು ನೇರಳೆ ಬಣ್ಣದ ಪರ್ಲ್ ಫಾನ್ ನ್ಯೂರೆಂಬರ್ಗ್. ಬಿಳಿ ಮುತ್ತಿನಂಥ ಎಲೆಗನ್ಸ್ ಬಹಳ ಚೆಂದ, ಆದರೆ ಮೂರು ಸಲ ತಂದು ಮೂರು ಸಲವೂ ಮೇ ತಿಂಗಳಲ್ಲಿ ಕಳೆದುಕೊಂಡಿದ್ದೇನೆ.

ಗಿಡ ಕೈಗೆ ತೆಗೆದುಕೊಂಡಾಗ ಕುಂಡದ ಬಾಯಿಗೆ ಮೂಗು ಹತ್ತಿರ ತನ್ನಿ. ಹುಳಿ ವಾಸನೆ ಬಂದರೆ ಒಳಗೆ ಬೇರು ಕೊಳೆತಿದೆ. ನಡುವಿನ ಎಳೆ ಎಲೆಗಳ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಇದೆಯಾ ನೋಡಿ. ಅದು ಹಿಟ್ಟು ತಿಗಣೆ. ನಮ್ಮ ಹತ್ತಿ ಬೆಳೆಗಾರರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಾಢ ನೀಲಿ, ಕಡು ಗುಲಾಬಿ ಬಣ್ಣದ ಗಿಡ ಕಂಡರೆ ಎಲೆಯ ಹಿಂಭಾಗವನ್ನೂ ನಡುವಿನ ಹೊಸ ಎಲೆಯನ್ನೂ ನೋಡಿ. ಅಲ್ಲಿ ಹಸಿರೇ ಇದ್ದರೆ ಮೇಲಿನದು ಬಳಿದ ಬಣ್ಣ. ನಾನೊಮ್ಮೆ ಫೋನಿನಲ್ಲಿ ಚಿತ್ರ ನೋಡಿ ದೂರದ ಒಂದು ಅಂಗಡಿಯಿಂದ ನೀಲಿ ಗಿಡ ತರಿಸಿದ್ದೆ. ಬಣ್ಣ ಎಲೆಯನ್ನೆಲ್ಲ ಮುಚ್ಚಿ, ಬೆಳಕು ಸರಿಯಾಗಿ ಸಿಗದೆ ಎರಡು ತಿಂಗಳಲ್ಲಿ ಸೊರಗಿ ಹೋಯಿತು.

ಮಣ್ಣು

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ. ಬೇಸಿಗೆಯ ಸಾವು ಅರ್ಧಕ್ಕರ್ಧ ಮಣ್ಣಲ್ಲೇ ತೀರ್ಮಾನ ಆಗಿರುತ್ತದೆ.

ನರ್ಸರಿಯಿಂದ ಬರುವ ಗಿಡ ಸಾಮಾನ್ಯವಾಗಿ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿ ಇರುತ್ತದೆ. ಸಾಗಿಸಲು ಹಗುರ ಅಂತ ಅವರು ಹಾಗೆ ಮಾಡುತ್ತಾರೆ. ನಮ್ಮ ಒಣ ಹವೆಯಲ್ಲಿ ಅದು ಪೂರ್ತಿ ಒಣಗಿದರೆ ಬೇಗ ನೀರು ಕುಡಿಯುವುದಿಲ್ಲ. ಒದ್ದೆಯಾದರೆ ನಡುಭಾಗ ದಿನಗಟ್ಟಲೆ ಒದ್ದೆಯೇ ಇರುತ್ತದೆ. ಎರಡೂ ಕೆಟ್ಟದ್ದು. ಮನೆಗೆ ತಂದ ಒಂದು ವಾರದೊಳಗೆ ಬದಲಿಸಿ.

ಹೊಲದ ಎರೆ ಮಣ್ಣು ಒಂದು ಹಿಡಿಯೂ ಬೇಡ. ಜೋಳಕ್ಕೆ, ಹತ್ತಿಗೆ ಅದು ಬಂಗಾರ, ಯಾಕೆಂದರೆ ಅದು ನೀರು ಹಿಡಿದುಕೊಳ್ಳುತ್ತದೆ. ಅದೇ ಗುಣ ಇಲ್ಲಿ ಗಿಡ ಕೊಲ್ಲುತ್ತದೆ. ಒದ್ದೆಯಾದಾಗ ಉಬ್ಬಿ ಬೇರಿಗೆ ಗಾಳಿ ಸಿಗದ ಹಾಗೆ ಮಾಡುತ್ತದೆ, ಒಣಗಿದಾಗ ಬಿರುಕು ಬಿಟ್ಟು ಸಣ್ಣ ಬೇರುಗಳನ್ನು ಹರಿಯುತ್ತದೆ.

ನನ್ನ ಅಳತೆ ಹೀಗಿದೆ. ನಾಲ್ಕು ಡಬ್ಬಿ ಇಟ್ಟಿಗೆ ಚೂರು ಅಥವಾ ತೊಳೆದ ಗರಸು. ಒಂದು ಡಬ್ಬಿ ಕೆಂಪು ಮಸಾರಿ ಮಣ್ಣು. ಒಂದು ಡಬ್ಬಿ ಚೆನ್ನಾಗಿ ಕಳಿತ ಎರೆಹುಳು ಗೊಬ್ಬರ. ಒಂದು ಡಬ್ಬಿ ಕರಿದಾಗಿ ಸುಟ್ಟ ಭತ್ತದ ಹೊಟ್ಟು. ಚೂರುಗಳ ಗಾತ್ರ ತೊಗರಿ ಬೇಳೆಯಿಂದ ಹಿಡಿದು ಕಡಲೆ ಕಾಳಿನವರೆಗೆ ಇರಲಿ. ಅದಕ್ಕಿಂತ ಸಣ್ಣದು ಸಾಣಿಗೆಯಲ್ಲಿ ಹಿಡಿದು ಬಿಸಾಡಿ. ಈ ಪುಡಿಯೇ ಕೆಳಗೆ ಇಳಿದು ಕೆಸರಾಗಿ ತೂತು ಮುಚ್ಚುವುದು. ಇಟ್ಟಿಗೆ ಗಟ್ಟಿಯಾಗಿ ಬೆಂದದ್ದು ಆಗಬೇಕು. ಒಂದು ಚೂರನ್ನು ರಾತ್ರಿಯಿಡೀ ನೀರಲ್ಲಿ ಹಾಕಿಡಿ, ಬೆಳಿಗ್ಗೆ ಬೆರಳಲ್ಲಿ ಒತ್ತಿದರೆ ಮಣ್ಣಾಗಿ ಕರಗಬಾರದು.

ಭತ್ತದ ಹೊಟ್ಟಿನ ಬಗ್ಗೆ ಒಂದು ಮಾತು. ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ರೈಸ್ ಮಿಲ್ಲುಗಳಲ್ಲಿ ಇದು ರಾಶಿ ರಾಶಿ ಸಿಗುತ್ತದೆ. ಬಿಳಿ ಬೂದಿಯಾದದ್ದನ್ನು ತರಬೇಡಿ, ಅದು ಹಿಟ್ಟಿನಂತೆ ನುಣ್ಣಗಿದ್ದು ಗಾಳಿಯ ಜಾಗ ತುಂಬುತ್ತದೆ, ಮಣ್ಣನ್ನು ಕ್ಷಾರವೂ ಮಾಡುತ್ತದೆ. ಹೊಟ್ಟಿನ ಆಕಾರ ಹಾಗೇ ಉಳಿದು ಬಣ್ಣ ಮಾತ್ರ ಇದ್ದಿಲಿನಂತೆ ಕಪ್ಪಾಗಿರಬೇಕು. ಮನೆಯಲ್ಲೇ ಸುಟ್ಟುಕೊಂಡರೆ ಹೊಗೆಯಾಡುವಾಗಲೇ ನೀರು ಚಿಮುಕಿಸಿ ಆರಿಸಿ, ಎರಡು ಸಲ ತೊಳೆದು ಬಳಸಿ.

ಮಣ್ಣು ಸರಿಯಾಯಿತಾ ಅಂತ ನೋಡಲು ಕುಂಡಕ್ಕೆ ತುಂಬಿ, ಗಿಡ ನೆಡುವ ಮೊದಲೇ ಒಂದು ಲೋಟ ನೀರು ಹಾಕಿ ಎಣಿಸಿ. ಹತ್ತು ಎಣಿಸುವುದರೊಳಗೆ ಕೆಳಗಿನಿಂದ ನೀರು ಬರಬೇಕು. ಮೇಲೆ ಕೆರೆ ಕಟ್ಟಿ ನಿಂತರೆ ಇನ್ನೂ ಚೂರು ಸೇರಿಸಿ.

ಕುಂಡದ ತಳಕ್ಕೆ ಜಲ್ಲಿ ಹಾಕುವ ರೂಢಿ ಬಹಳ ಕಡೆ ಇದೆ. ಬೇಡ. ಮೇಲಿನ ಮಣ್ಣು ಪೂರ್ತಿ ನೆನೆದು ತೊಟ್ಟಿಕ್ಕುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಹಾಗಾಗಿ ಒದ್ದೆ ಜಾಗ ಬೇರಿನ ಹತ್ತಿರಕ್ಕೇ ಬಂದಂತಾಗುತ್ತದೆ. ತೂತಿನ ಮೇಲೆ ಸೊಳ್ಳೆ ಪರದೆಯ ತುಂಡು ಸಾಕು.

ಕುಂಡ ಮಣ್ಣಿನದೇ ಇರಲಿ, ಬಣ್ಣ ಬಳಿಯದ್ದು. ಮಣ್ಣಿನ ಮೈಯಿಂದ ನೀರು ಆವಿಯಾಗುತ್ತಾ ಒಳಗೆ ತಂಪು ಮಾಡುತ್ತದೆ, ನಮ್ಮ ಬೇಸಿಗೆಯ ಗಡಿಗೆಯ ಹಾಗೆ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಲ್ಲಿ ಬೇರನ್ನು ಬೇಯಿಸುತ್ತದೆ. ಗಿಡಕ್ಕಿಂತ ಒಂದು ಇಂಚು ಅಗಲ ಇದ್ದರೆ ಸಾಕು, ಆಳ ಬೇಡ. ಕೆಳಗೆ ತಟ್ಟೆ ಇಡಬೇಡಿ.

ನೆಡುವಾಗ ಹಳೆಯ ನಾರಿನ ಪುಡಿಯನ್ನು ಬೆರಳಿಂದ ಮೆಲ್ಲಗೆ ಬಿಡಿಸಿ. ಬೇರಿನ ನಡುವೆ ಸಣ್ಣ ಬಲೆಯಂಥ ಚೀಲ ಇರಬಹುದು, ಕತ್ತರಿಸಿ ತೆಗೆಯಿರಿ. ಗಿಡವನ್ನು ಎರಡು ದಿನ ನೆರಳಲ್ಲಿ ಬರಿ ಬೇರಲ್ಲೇ ಒಣಗಲು ಬಿಡಿ. ಹೆದರಬೇಡಿ, ಏನೂ ಆಗುವುದಿಲ್ಲ. ಆಮೇಲೆ ಒಣ ಮಣ್ಣಲ್ಲಿ ನೆಟ್ಟು, ನಾಲ್ಕೈದು ದಿನ ಬಿಟ್ಟು ಮೊದಲ ನೀರು ಹಾಕಿ. ಹರಿದ ಬೇರಿನ ಗಾಯ ಮಾಯಲು ಅಷ್ಟು ಸಮಯ ಬೇಕು. ಎಲೆಯನ್ನು ಹಿಡಿದು ಎತ್ತಬೇಡಿ. ಎಲೆ ಮೇಲಿನ ಬಿಳಿ ಪುಡಿ ಧೂಳಲ್ಲ, ಅದು ಗಿಡವೇ ಮಾಡಿಕೊಂಡ ಮೇಣ. ಬಿಸಿಲಿಂದ, ನೀರಿಂದ ಅದೇ ಕಾಪಾಡುವುದು. ಬೆರಳಲ್ಲಿ ಉಜ್ಜಿ ಹೋದರೆ ಆ ಎಲೆಗೆ ಮತ್ತೆ ಬರುವುದಿಲ್ಲ. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಪು ಧೂಳು ಕೂರುತ್ತದೆ, ಅಂಥಲ್ಲಿ ಬಟ್ಟೆಯಿಂದ ಒರೆಸದೆ ಮೆತ್ತನೆ ಬ್ರಷ್‌ನಿಂದ ಹಾರಿಸಿ, ಅಥವಾ ಸುಮ್ನೆ ಊದಿ.

ಚಳಿಗಾಲ: ಇದೇ ಹಂಗಾಮು

ನವೆಂಬರ್‌ನಿಂದ ಫೆಬ್ರವರಿ ನಡುವಿನ ತನಕ ಗಿಡವನ್ನು ಧಾರಾಳವಾಗಿ ಬಿಸಿಲಿಗೆ ಇಡಿ. ದಿನಕ್ಕೆ ಐದಾರು ತಾಸು ಬೇಕು. ಒಳಗಿದ್ದ ಗಿಡವನ್ನು ಒಂದೇ ದಿನಕ್ಕೆ ಹೊರಗೆ ಹಾಕಬೇಡಿ, ಮೊದಲ ವಾರ ಬೆಳಗಿನ ಎರಡು ತಾಸು, ಆಮೇಲೆ ಜಾಸ್ತಿ ಮಾಡುತ್ತಾ ಹೋಗಿ. ಬೆಳಕು ಸಾಲದಿದ್ದರೆ ಗಿಡ ಕುತ್ತಿಗೆ ಉದ್ದ ಮಾಡುತ್ತದೆ. ಎಲೆಗಳ ನಡುವೆ ಕಾಂಡ ಕಾಣತೊಡಗಿ, ಕಮಲದ ಆಕಾರ ಕೆಡುತ್ತದೆ. ಬಿಸಿಲು ಚೆನ್ನಾಗಿದ್ದು ರಾತ್ರಿ 15-18 ಡಿಗ್ರಿಗೆ ಇಳಿದಾಗ ಎಲೆ ಅಂಚು ಕೆಂಪೇರುತ್ತದೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ನಮ್ಮ ಮಾಳಿಗೆ ನೋಡಲು ಬಹಳ ಚೆಂದ ಇರುತ್ತದೆ.

ನೀರಿಗೆ ವಾರದ ಲೆಕ್ಕ ಬೇಡ, ಎಲೆಯನ್ನು ಕೇಳಿ. ಕೆಳಗಿನ ಸುತ್ತಿನ ಒಂದು ಎಲೆಯನ್ನು ಎರಡು ಬೆರಳಲ್ಲಿ ಮೆತ್ತಗೆ ಒತ್ತಿ. ಗಟ್ಟಿ ಇದ್ದರೆ ಬೇಡ. ಸ್ವಲ್ಪ ಬಗ್ಗಿದರೆ, ಸಣ್ಣ ಸುಕ್ಕು ಕಂಡರೆ ನೀರು ಹಾಕಿ, ಹಾಕಿದರೆ ತಳದಿಂದ ಇಳಿಯುವಷ್ಟು ಹಾಕಿ. ಚಳಿಗಾಲದಲ್ಲಿ ನನ್ನ ಕುಂಡಗಳಿಗೆ 8ರಿಂದ 10 ದಿನಕ್ಕೊಮ್ಮೆ ಬೀಳುತ್ತದೆ. ಬೆಳಿಗ್ಗೆ ಹಾಕಿ, ಮಣ್ಣಿಗೆ ಹಾಕಿ, ನಡುವಿನ ಎಲೆಗಳೊಳಗೆ ನಿಲ್ಲದಂತೆ ನೋಡಿಕೊಳ್ಳಿ. ನಿಂತರೆ ಊದಿ ತೆಗೆಯಿರಿ. ಬೋರ್‌ವೆಲ್ ನೀರು ನಮ್ಮಲ್ಲಿ ಬಹಳ ಗಡಸು, ಎಲೆ ಮೇಲೆ ಬಿದ್ದರೆ ಬಿಳಿ ಕಲೆ ಉಳಿಯುತ್ತದೆ, ಮಣ್ಣಲ್ಲೂ ಉಪ್ಪು ಕೂರುತ್ತದೆ. ಮಳೆ ನೀರು ಒಂದೆರಡು ಕ್ಯಾನ್ ಹಿಡಿದಿಟ್ಟುಕೊಂಡರೆ ಚಳಿಗಾಲಕ್ಕೆ ಸಾಕು.

ಗೊಬ್ಬರ ನವೆಂಬರ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ. ಗೊಬ್ಬರದಂಗಡಿಯಲ್ಲಿ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ ಗೊಬ್ಬರ) ಒಂದು ಲೀಟರ್ ನೀರಿಗೆ 1 ಗ್ರಾಂ. ಯೂರಿಯಾ ಮುಟ್ಟಿಸಬೇಡಿ. ಎಲೆ ಉಬ್ಬಿ ಮೆತ್ತಗಾಗುತ್ತದೆ, ಮುಂದೆ ಬಿಸಿಲಿಗೆ ಮೊದಲು ಅದೇ ಕುಸಿಯುವುದು.

ಹೂ

ಎರಡು ವರ್ಷ ತುಂಬಿದ, ಚಳಿಯಲ್ಲಿ ಬಿಸಿಲು ಉಂಡ ಗಿಡ ಸಂಕ್ರಮಣದ ಆಸುಪಾಸಿನಲ್ಲಿ ಹೂದಂಟು ಹೊರಡಿಸುತ್ತದೆ. ದಂಟು ನಟ್ಟನಡುವಿನಿಂದ ಬರುವುದಿಲ್ಲ, ಪಕ್ಕದ ಎರಡು ಎಲೆಗಳ ನಡುವಿನಿಂದ ಬರುತ್ತದೆ. ಮೊದಲ ದಿನಗಳಲ್ಲಿ ಮರಿಗಿಡವೇನೋ ಅನ್ನಿಸುತ್ತದೆ. ಆಮೇಲೆ ಉದ್ದವಾಗಿ, ತುದಿ ಚೇಳಿನ ಬಾಲದಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಸುರುಳಿ ಬಿಚ್ಚುತ್ತಾ ಹೋದಂತೆ ಒಂದೊಂದಾಗಿ ಸಣ್ಣ ಗಂಟೆಯಂಥ ಹೂ ಅರಳುತ್ತವೆ. ಹೊರಗೆ ಗುಲಾಬಿ, ಒಳಗೆ ಹಳದಿ, ಅಥವಾ ಪೂರ್ತಿ ಕಿತ್ತಳೆ. ಗ್ರ್ಯಾಪ್ಟೊಪೆಟಾಲಮ್ ಹೂ ಬೇರೆ, ಬಿಳಿ ನಕ್ಷತ್ರದಂತಿದ್ದು ಮೇಲೆ ಕೆಂಪು ಚುಕ್ಕಿ.

ಹೂ ಬಿಟ್ಟರೆ ಗಿಡ ಸಾಯುತ್ತದೆ ಅಂತ ಹೆದರಿ ದಂಟು ಚಿವುಟುವವರನ್ನು ನೋಡಿದ್ದೇನೆ. ಆ ಮಾತು ಭೂತಾಳೆಗೆ ನಿಜ, ಅದು ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ಸೆಂಪರ್‌ವೈವಮ್ ಅನ್ನೋ, ನೋಡಲು ಇದರಂತೆಯೇ ಇರುವ ಗಿಡಕ್ಕೂ ನಿಜ, ಹೂ ಬಿಟ್ಟ ಗಿಡ ಸತ್ತು ಸುತ್ತಲಿನ ಮರಿ ಉಳಿಯುತ್ತವೆ. ಎಚೆವೇರಿಯಾ ಹಾಗಲ್ಲ. ವರ್ಷಾ ವರ್ಷಾ ಬಿಡುತ್ತದೆ.

ಮೆಕ್ಸಿಕೋದಲ್ಲಿ ಈ ಹೂವಿಗೆ ಹಮ್ಮಿಂಗ್‌ಬರ್ಡ್ ಬರುತ್ತದೆ. ನಮ್ಮಲ್ಲಿ ಆ ಹಕ್ಕಿ ಇಲ್ಲ. ಆದರೆ ಮೂರನೇ ವರ್ಷ ಒಂದು ಬೆಳಿಗ್ಗೆ ನಮ್ಮ ಮಾಳಿಗೆಗೆ ಸೂರಕ್ಕಿ ಬಂತು. ದಂಟಿನ ಮೇಲೆ ಕೂತರೆ ಬಗ್ಗುತ್ತಿತ್ತು, ಹಾಗಾಗಿ ಪಕ್ಕದ ಕಬ್ಬಿಣದ ಸರಳಿನ ಮೇಲೆ ಕೂತು ಕತ್ತು ಚಾಚಿ ಒಂದೊಂದೇ ಗಂಟೆಯೊಳಗೆ ಕೊಕ್ಕು ಹಾಕಿತು. ಎಲ್ಲಿಯ ಹೂ, ಎಲ್ಲಿಯ ಹಕ್ಕಿ! ನಾನು ಆ ದಿನ ಕೆಲಸಕ್ಕೆ ತಡವಾಗಿ ಹೋದೆ. ಈಗ ದಂಟು ಬಂದ ಕುಂಡಗಳ ಪಕ್ಕ ಒಂದೊಂದು ಕಡ್ಡಿ ನೆಡುತ್ತೇನೆ, ಅದಕ್ಕೆ ಕೂರಲು.

ಮೊಗ್ಗಿಗೆ ಹೇನು ಬೇಗ ಹತ್ತುತ್ತದೆ. ಬರಿ ನೀರಿನ ಸಣ್ಣ ಧಾರೆಯಿಂದ ಬೆಳಿಗ್ಗೆ ತೊಳೆದರೆ ಸಾಕು. ಮಾರ್ಚ್ ನಡುವಿನಲ್ಲೂ ದಂಟು ಇದ್ದು ಗಿಡ ಸೊರಗಿದಂತೆ ಕಂಡರೆ ದಂಟನ್ನು ಕತ್ತರಿಸಿ ತಂಬಿಗೆಯಲ್ಲಿ ಇಡಿ, ವಾರಗಟ್ಟಲೆ ಇರುತ್ತದೆ. ದಂಟಿನ ಮೇಲಿನ ಸಣ್ಣ ಎಲೆಗಳನ್ನು ಬಿಸಾಡಬೇಡಿ. ಅವುಗಳಿಂದಲೂ ಗಿಡ ಆಗುತ್ತದೆ.

ಹೋಳಿಯಿಂದ ರೋಹಿಣಿ ಮಳೆ ತನಕ

ಹೋಳಿ ಹುಣ್ಣಿಮೆಗೆ ಜಾಗ ಬದಲಿಸಿ. ಬೆಳಗಿನ ಒಂಬತ್ತರ ತನಕ ಮಾತ್ರ ಬಿಸಿಲು ಬೀಳುವ ಪೂರ್ವ ದಿಕ್ಕಿನ ಕಟ್ಟೆ ಒಳ್ಳೆಯದು. ಮಾಳಿಗೆ ಬಿಟ್ಟು ಬೇರೆ ಜಾಗ ಇಲ್ಲ ಅನ್ನುವವರು ಶೇ 50ರ ಶೇಡ್ ನೆಟ್, ಅಂದರೆ ಅರ್ಧ ಬಿಸಿಲು ತಡೆಯುವ ನೆರಳಿನ ಪರದೆ, ಕಟ್ಟಿ, ಏಪ್ರಿಲ್‌ನಲ್ಲಿ ಶೇ 75ಕ್ಕೆ ಹೋಗಿ. ನೆಟ್ ಗಿಡದ ಮೇಲೆ ಕನಿಷ್ಠ ನಾಲ್ಕು ಅಡಿ ಎತ್ತರದಲ್ಲಿರಲಿ, ಬಿಸಿ ಗಾಳಿ ಹೊರಗೆ ಹೋಗಬೇಕು. ಕುಂಡಗಳನ್ನು ಮಾಳಿಗೆಯ ನೆಲಕ್ಕೆ ತಾಗಿಸಿ ಇಡಬೇಡಿ. ಎರಡು ಅಡಿ ಎತ್ತರದ ಕಟ್ಟಿಗೆ ಮಣೆ ಅಥವಾ ಸ್ಟ್ಯಾಂಡ್ ಮೇಲೆ ಇಡಿ. ಹಗಲೆಲ್ಲ ಕಾದ ಕಾಂಕ್ರೀಟು, ಪರಸಿ ಕಲ್ಲು ರಾತ್ರಿಯಿಡೀ ಶಾಖ ಬಿಡುತ್ತವೆ, ಗಿಡ ಉಸಿರಾಡಬೇಕಾದ ಹೊತ್ತಿನಲ್ಲೇ. ಪಶ್ಚಿಮದ ಗೋಡೆ, ಎಸಿಯ ಹೊರಗಿನ ಡಬ್ಬ, ಇವೆರಡರಿಂದ ದೂರ.

ನೀರು? ಮೂರು ವಾರಕ್ಕೊಮ್ಮೆ. ಅದೂ ಒಂದು ಚಹಾ ಕಪ್ಪಿನ ಅರ್ಧ, ಕುಂಡದ ಅಂಚಿನ ಸುತ್ತ, ನಸುಕಿನಲ್ಲಿ ಎದ್ದು ಮಣ್ಣು ತಣ್ಣಗಿದೆಯಾ ಮುಟ್ಟಿ ನೋಡಿ ಹಾಕಿ. ಎಲೆ ಸುಕ್ಕಾಗುತ್ತದೆ, ಗಿಡ ಮುದುಡಿ ಮುಷ್ಟಿಯ ಹಾಗೆ ಚಿಕ್ಕದಾಗುತ್ತದೆ, ಕೆಳಗಿನ ಎಲೆ ಕಾಗದದಂತೆ ಒಣಗುತ್ತವೆ. ನೋಡಲು ಸಂಕಟ ಆಗುತ್ತದೆ, ನನಗೆ ಈಗಲೂ ಆಗುತ್ತದೆ. ಆದರೂ ಕೈ ತಡೆಯಿರಿ. ಕಾಗದದಂತೆ ಒಣಗಿದ ಎಲೆ ಎಂದರೆ ಗಿಡ ತನ್ನ ಗಂಟನ್ನು ಖರ್ಚು ಮಾಡಿ ಬದುಕಿದೆ ಅಂತ. ಹಳದಿಯಾಗಿ ಗಾಜಿನಂತೆ ಹೊಳೆಯುವ, ನೀರು ತುಂಬಿದ ಎಲೆ ಕಂಡಾಗ ಮಾತ್ರ ಗಾಬರಿಯಾಗಿ.

ಹಾಗೆ ಕಂಡರೆ ಅದೇ ಗಳಿಗೆಯಲ್ಲಿ ಗಿಡ ಕಿತ್ತು, ಚೂಪಾದ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕಾಂಡವನ್ನು ಮೇಲಿನಿಂದ ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ ಕಂದು ಚುಕ್ಕಿಯೋ ಉಂಗುರವೋ ಕಂಡರೆ ಇನ್ನೂ ಸ್ವಲ್ಪ ಮೇಲೆ ಕತ್ತರಿಸಿ, ಪೂರ್ತಿ ತಿಳಿ ಹಸಿರು ಸಿಗುವ ತನಕ. ತಲೆಯನ್ನು ಖಾಲಿ ಲೋಟದ ಬಾಯಿ ಮೇಲೆ ಕೂರಿಸಿ ತಂಪು ಕೋಣೆಯಲ್ಲಿ ವಾರ ಬಿಡಿ. ಬೇಸಿಗೆಯಲ್ಲಿ ಬೇರು ಬರಲು ತಿಂಗಳೇ ಆಗಬಹುದು. ಬರುತ್ತದೆ.

ಇನ್ನೊಂದು, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಮೇ ತಿಂಗಳಲ್ಲಿ ಅಳಿಲು, ಗೊರವಂಕ ಎಲೆ ಕಚ್ಚಿ ಹೋಗುತ್ತವೆ, ಹಸಿವಿಗಲ್ಲ, ನೀರಡಿಕೆಗೆ. ಗಿಡದಿಂದ ಸ್ವಲ್ಪ ದೂರ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರಿಡಿ. ಅವ್ವ ಈಗ ದಿನಾ ಆ ಪಾತ್ರೆಗೆ ತಂಬಿಗೆ ಹಿಡಿದು ಮಾಳಿಗೆ ಹತ್ತುತ್ತಾಳೆ. ಎಲೆ ಕಚ್ಚುವುದು ನಿಂತಿದೆ.

ಮಳೆಗಾಲ

ಮೊದಲ ಮಳೆ ಬಂದಾಗ ಗಿಡವನ್ನು ಹೊರಗಿಟ್ಟು ನೆನೆಸಬೇಕು ಅನ್ನಿಸುತ್ತದೆ. ಜೂನ್‌ನಲ್ಲಿ ಬೇಡ. ಮಣ್ಣು ಇನ್ನೂ ಬಿಸಿ ಇರುತ್ತದೆ, ಬಿಸಿ ಮತ್ತು ತೇವ ಸೇರಿದರೆ ಬೇಸಿಗೆ ಗೆದ್ದ ಗಿಡವೂ ಕೊಳೆಯುತ್ತದೆ. ನಮ್ಮಲ್ಲಿ ಮಳೆಯ ದಿನಗಳು ಕಡಿಮೆ, ಆದರೆ ಬಂದರೆ ಜೋರು. ಸೆಪ್ಟೆಂಬರ್‌ನ ಉತ್ತರಿ ಮಳೆಯಲ್ಲಿ ಒಂದೇ ರಾತ್ರಿ ಕುಂಡ ತುಂಬಿ ಹರಿದದ್ದುಂಟು. ತಗಡಿನ ಅಥವಾ ಪಾರದರ್ಶಕ ಶೀಟಿನ ಕೆಳಗೆ, ಸುತ್ತ ಗಾಳಿ ಆಡುವಂತೆ ಇಡಿ. ಜುಲೈನಿಂದ ಎರಡು ವಾರಕ್ಕೊಮ್ಮೆ, ಎಲೆ ನೋಡಿ ನೀರು.

ಹಿಟ್ಟು ತಿಗಣೆ ಜಾಸ್ತಿಯಾಗುವುದೂ ಈಗಲೇ. ಇರುವೆ ಸಾಲು ಕುಂಡ ಹತ್ತುತ್ತಿದ್ದರೆ ತಿಗಣೆ ಇದೆ ಅಂತಲೇ ಲೆಕ್ಕ, ಅದರ ಸಿಹಿ ರಸಕ್ಕೆ ಇರುವೆ ಬರುತ್ತದೆ, ಅದನ್ನು ಗಿಡದಿಂದ ಗಿಡಕ್ಕೆ ಹೊರುವುದೂ ಇರುವೆಯೇ. ಹತ್ತಿ ಸುತ್ತಿದ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ, ಬಿಸಿಲು ಇಳಿದ ಮೇಲೆ ಒಂದೊಂದಕ್ಕೇ ಮುಟ್ಟಿಸಿ. ಮೂರು ದಿನ ಬಿಟ್ಟು ಮತ್ತೆ, ಮತ್ತೆ ಮೂರು ದಿನ ಬಿಟ್ಟು ಇನ್ನೊಮ್ಮೆ. ಬೇವಿನ ಎಣ್ಣೆ ಬೇರೆ ಗಿಡಕ್ಕೆ ಒಳ್ಳೆಯದು, ಇದರ ಮೇಣವನ್ನು ಕರಗಿಸಿ ಬಿಸಿಲಲ್ಲಿ ಎಲೆ ಸುಡುತ್ತದೆ.

ದಸರಾ: ಎಲೆಯಿಂದ ಗಿಡ

ಹಸ್ತ ಮಳೆ ಕಳೆದು ಬೆಳಗಿನ ಗಾಳಿ ತಣ್ಣಗಾದಾಗ ಮುದುಡಿದ ಗಿಡ ಮತ್ತೆ ಬಿಚ್ಚಿಕೊಳ್ಳುತ್ತದೆ. ಇದು ಮರಿ ಮಾಡುವ ಹೊತ್ತು. ಚಿಕ್ಕವರಿದ್ದಾಗ ಕಾಡುಬಸಳೆ ಎಲೆಯನ್ನು ಪುಸ್ತಕದೊಳಗೆ ಇಟ್ಟು, ಅಂಚಿನಲ್ಲಿ ಮರಿ ಬರುವುದನ್ನು ಕಾದಿದ್ದು ನೆನಪಿದೆಯಾ? ಕಾಡುಬಸಳೆಯೂ ಎಚೆವೇರಿಯಾದ ಕುಟುಂಬದ್ದೇ. ವ್ಯತ್ಯಾಸ ಒಂದೇ: ಅದರ ಮರಿ ಎಲೆಯ ಅಂಚಿನಲ್ಲಿ ಬರುತ್ತದೆ, ಇದರದು ಎಲೆ ಕಾಂಡಕ್ಕೆ ಅಂಟಿಕೊಂಡಿದ್ದ ಬುಡದಲ್ಲಿ. ಬುಡ ಮುರಿದರೆ ಎಲೆ ಎಷ್ಟು ದಿನ ಹಸಿರಾಗಿದ್ದರೂ ಮರಿ ಬರುವುದಿಲ್ಲ. ಹಾಗಾಗಿ ಎಳೆಯಬೇಡಿ. ಕೆಳಗಿನ ತುಂಬಿದ ಎಲೆಯೊಂದನ್ನು ಹಿಡಿದು ಎಡಕ್ಕೆ, ಬಲಕ್ಕೆ ಮೆಲ್ಲಗೆ ಅಲುಗಾಡಿಸಿ, ತಾನಾಗಿ ಬಿಡುವ ತನಕ.

ಎರಡು ದಿನ ನೆರಳಲ್ಲಿ ಒಣಗಿಸಿ, ಅಗಲ ತಟ್ಟೆಯಲ್ಲಿ ಒಣ ಮಣ್ಣಿನ ಮೇಲೆ ಸುಮ್ನೆ ಮಲಗಿಸಿ. ಹೂಳಬೇಡಿ, ನೀರು ಬೇಡ, ನೇರ ಬಿಸಿಲು ಬೇಡ. ಎರಡು ಮೂರು ವಾರಕ್ಕೆ ಗುಲಾಬಿ ಬಣ್ಣದ ನೂಲಿನಂಥ ಬೇರು ಕಾಣುತ್ತವೆ. ಆಗ ಬೇರಿನ ಮೇಲೆ ಒಂದು ಚಿಟಿಕೆ ಮಣ್ಣು ಉದುರಿಸಿ, ನಾಲ್ಕೈದು ದಿನಕ್ಕೊಮ್ಮೆ ನೀರು ಚಿಮುಕಿಸಿ. ಸಾಸಿವೆ ಕಾಳಿನಷ್ಟು ಕಮಲ ಒಂದು ಮೂಡುತ್ತದೆ. ತಾಯಿ ಎಲೆಯನ್ನು ಕೀಳಬೇಡಿ, ಮರಿ ಅದನ್ನೇ ಉಂಡು ಬೆಳೆಯುತ್ತದೆ, ಎಲೆ ಬತ್ತಿ ತಾನೇ ಕಳಚಿಕೊಳ್ಳುತ್ತದೆ. ಹತ್ತು ಎಲೆ ಇಟ್ಟರೆ ನನಗೆ ಆರೇಳು ಮರಿ ಸಿಗುತ್ತವೆ. ಕುತ್ತಿಗೆ ಉದ್ದವಾದ ಹಳೆಯ ಗಿಡವನ್ನೂ ಈಗಲೇ ತಲೆ ಕತ್ತರಿಸಿ ಬೇರೆ ನೆಡಿ, ಉಳಿದ ಮೋಟು ಕಾಂಡವನ್ನು ಬಿಸಾಡದೆ ಹಾಗೇ ಬಿಡಿ, ಅದರ ಸುತ್ತ ನಾಲ್ಕೈದು ಮರಿ ಒಡೆಯುತ್ತವೆ.

ದಸರಾಕ್ಕೆ ಇಟ್ಟ ಎಲೆಯ ಮರಿ ಹೋಳಿ ಹೊತ್ತಿಗೆ ಒಂದು ರೂಪಾಯಿ ನಾಣ್ಯದಷ್ಟು ಆಗಿರುತ್ತದೆ. ಈ ಮರಿಗಳಿಗೆ ಬೇಸಿಗೆಯಲ್ಲಿ ದೊಡ್ಡ ಗಿಡದ ಲೆಕ್ಕ ನಡೆಯುವುದಿಲ್ಲ, ಅವುಗಳ ಎಲೆಯಲ್ಲಿ ಅಷ್ಟು ನೀರು ಕೂಡಿರುವುದಿಲ್ಲ. ಮನೆಯೊಳಗೆ, ಉತ್ತರದ ಕಿಟಕಿಯ ಹತ್ತಿರ ಇಟ್ಟು, ಹತ್ತು ದಿನಕ್ಕೊಮ್ಮೆ ನಸುಕಿನಲ್ಲಿ ಎರಡು ಚಮಚ ನೀರು ಕೊಡಿ.